ಎರಡು ಮೈಕ್‌ಗಳನ್ನು ಒಂದೇ ಇನ್‌ಪುಟ್‌ಗೆ ಸೇರಿಸುವುದು ಸರಿಯೇ? ಭಜನೆಯ ಹಿಮ್ಮೇಳಕ್ಕಾಗಿ ಸಲಹೆ ಬೇಕು

ಪ್ರಶ್ನೆ: ಶಿಕ್ಷಕ, ಗದಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮೂರ ಮಠದಲ್ಲಿ ಶ್ರಾವಣ ಮಾಸವಿಡೀ ಪ್ರತಿ ಸಂಜೆ ನಡೆಯುವ ಪುರಾಣ ಪ್ರವಚನಕ್ಕೂ ಅದರ ನಂತರದ ಭಜನೆಗೂ ಮೈಕ್ ವ್ಯವಸ್ಥೆಯನ್ನು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಈ ಕೆಲಸವನ್ನು ನನಗೆ ಯಾರೂ ಕಲಿಸಿದ್ದಲ್ಲ, ನೋಡಿ, ಕೇಳಿ, ತಪ್ಪು ಮಾಡಿ ಕಲಿತದ್ದು. ಹಾಗಾಗಿ ನನ್ನ ಪ್ರಶ್ನೆಯಲ್ಲಿ ಮೂಲದ ತಿಳಿವಳಿಕೆಯೇ ತಪ್ಪಿದ್ದರೆ ಅದನ್ನು ಮೊದಲು ತಿದ್ದಬೇಕೆಂದು ಕೋರುತ್ತೇನೆ.

ನಮ್ಮ ಮಿಕ್ಸರ್‌ನಲ್ಲಿ ಮೈಕ್ ಜೋಡಿಸಲು ಆರು ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಇನ್‌ಪುಟ್‌ಗಳಿವೆ. ಅವುಗಳ ಪಕ್ಕದಲ್ಲಿ ಒಂದು ಸ್ಟೀರಿಯೊ ಲೈನ್ ಚಾನೆಲ್ ಇದ್ದು, ಕಾರ್ಯಕ್ರಮಕ್ಕೆ ಮುಂಚೆ ಮೊಬೈಲ್‌ನಿಂದ ಹಾಡು ಹಾಕಲು ಮಾತ್ರ ಅದನ್ನು ಬಳಸುತ್ತೇವೆ. ಪ್ರವಚನಕಾರರಿಗೆ ಒಂದು, ಮುಖ್ಯ ಹಾಡುಗಾರರಿಗೆ ಒಂದು, ಪೇಟಿಗೆ ಒಂದು, ತಬಲಾ ಮತ್ತು ಡಗ್ಗಾಕ್ಕೆ ಒಂದೊಂದು, ಹೀಗೆ ಐದು ಇನ್‌ಪುಟ್‌ಗಳು ಮುಗಿಯುತ್ತವೆ. ಉಳಿದ ಒಂದರಲ್ಲಿ ಹನ್ನೆರಡು ಮಂದಿಯ ಹಿಮ್ಮೇಳವನ್ನು ಕೇಳಿಸಬೇಕು. ಅವರು ಎರಡು ಸಾಲಾಗಿ ಕೂರುತ್ತಾರೆ. ಹಿಂದಿನ ಸಾಲಿನಲ್ಲಿ ಕೂರುವ ಹಿರಿಯರೇ ಹಳೆಯ ತತ್ವಪದಗಳನ್ನು ಪೂರ್ತಿಯಾಗಿ ಬಲ್ಲವರು. ಮುಂದಿನ ಸಾಲಿನ ಹುಡುಗರಿಗೆ ಪಲ್ಲವಿ ಬರುತ್ತದೆ, ನುಡಿಗಳು ಬರುವುದಿಲ್ಲ. ಇರುವ ಒಂದೇ ಮೈಕ್ ಹುಡುಗರ ಮುಂದಿರುವುದರಿಂದ ಪಲ್ಲವಿ ಮಾತ್ರ ಊರಿಗೆಲ್ಲ ಕೇಳುತ್ತದೆ, ನುಡಿಗಳು ಮಠದ ಕಂಬ ದಾಟುವುದಿಲ್ಲ. ಇದು ನನಗೆ ಬಹಳ ದಿನಗಳಿಂದ ನೋವಿನ ಸಂಗತಿಯಾಗಿದೆ.

ಈ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಒಂದು ವೈ ಕೇಬಲ್ ಮಾಡಿಸಿದೆ. ಎರಡು ಮೈಕ್‌ಗಳ ಒಂದನೆಯ ಪಿನ್‌ಗೆ ಒಂದನೆಯದು, ಎರಡನೆಯದಕ್ಕೆ ಎರಡನೆಯದು, ಮೂರನೆಯದಕ್ಕೆ ಮೂರನೆಯದು ಎಂದು ನೇರವಾಗಿ ಬೆಸುಗೆ ಹಾಕಿ, ಒಂದೇ ಇನ್‌ಪುಟ್‌ಗೆ ಕೊಟ್ಟಿದ್ದಾರೆ. ಅದನ್ನು ಬಳಸಿದಾಗ ಮೂರು ಸಂಗತಿಗಳನ್ನು ಕಂಡೆ. ಎರಡನೆಯ ಮೈಕ್ ಸಿಕ್ಕಿಸಿದ ತಕ್ಷಣ ಮೊದಲನೆಯದರ ಧ್ವನಿಯೂ ಕುಗ್ಗಿತು; ಗೇನ್ (ಮೈಕ್‌ನ ಧ್ವನಿಯನ್ನು ಮಿಕ್ಸರ್ ಬಲಪಡಿಸುವ ಮಟ್ಟ) ಏರಿಸಿದರೆ ಹಿನ್ನೆಲೆಯ ಸುಂಯ್ ಎಂಬ ಸದ್ದು ಹೆಚ್ಚಿ, ಕೊನೆಗೆ ಮೈಕ್ ಕೂಗತೊಡಗಿತು. ಎರಡರಲ್ಲಿ ಒಂದರ ಗುಂಡಿಯನ್ನು ಆಫ್ ಮಾಡಿದರೆ ಇನ್ನೊಂದೂ ಸಂಪೂರ್ಣ ಮೂಕವಾಯಿತು. ಮೂರನೆಯದಾಗಿ, ಪರಿಚಿತರಿಂದ ಎರಡು ಕಂಡೆನ್ಸರ್ ಮೈಕ್‌ಗಳನ್ನು (ವಿದ್ಯುತ್ ಕೊಟ್ಟರೆ ಮಾತ್ರ ಕೆಲಸ ಮಾಡುವಂಥವು) ತಂದು, ಫ್ಯಾಂಟಮ್ (ಮಿಕ್ಸರ್‌ನಿಂದ ಮೈಕ್ ಕೇಬಲ್ ಮೂಲಕವೇ ಬರುವ ವಿದ್ಯುತ್) ಹಾಕಿ ಇದೇ ಕೇಬಲ್‌ನಲ್ಲಿ ಜೋಡಿಸಿದಾಗ, ಎಲ್ಲರೂ ಏರುಧ್ವನಿಯಲ್ಲಿ ಹಾಡುವಾಗ ಧ್ವನಿ ಒಡೆದು ಬಂದಿತು.

ಕೇಬಲ್ ಮಾಡಿದ್ದರಲ್ಲಿ ದೋಷವಿದೆಯೋ, ಅಥವಾ ಈ ವಿಧಾನವೇ ತಪ್ಪೋ ತಿಳಿಯುತ್ತಿಲ್ಲ. ಹೊಸ ಮಿಕ್ಸರ್ ಕೊಳ್ಳುವಷ್ಟು ಹಣ ಮಠದ ಬಳಿ ಈಗ ಇಲ್ಲ.

ಉತ್ತರ 1: ಮೈಕ್‌ಸೆಟ್ ವೃತ್ತಿಯವನು, ಹುಬ್ಬಳ್ಳಿ

ಗುರುಗಳೇ, ನಮಸ್ಕಾರ. ನೀವು ಕಂಡ ಮೂರೂ ಸಂಗತಿಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ಕೇಬಲ್ ಮಾಡಿದವರ ಬೆಸುಗೆಯಲ್ಲಿ ದೋಷವಿಲ್ಲ. ಎರಡು ಮೈಕ್‌ಗಳ ತಂತಿಗಳನ್ನು ನೇರವಾಗಿ ಕೂಡಿಸುವ ವಿಧಾನದಲ್ಲೇ ದೋಷವಿದೆ.

ವೈ ಕೇಬಲ್‌ನಿಂದ ಒಂದು ಮೂಲವನ್ನು ಎರಡು ಕಡೆಗೆ ಹಂಚಬಹುದು, ಉದಾಹರಣೆಗೆ ಒಂದು ಮೈಕ್ ಅನ್ನು ಎರಡು ಮಿಕ್ಸರ್‌ಗಳಿಗೆ ಕೊಡಬಹುದು. ಆದರೆ ಎರಡು ಮೂಲಗಳನ್ನು ಅದೇ ಕೇಬಲ್‌ನಿಂದ ಒಂದು ಕಡೆಗೆ ತರಬಾರದು. ಮಿಕ್ಸರ್‌ನ ಮೈಕ್ ಇನ್‌ಪುಟ್‌ನ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಸಾಮಾನ್ಯವಾಗಿ ಸುಮಾರು 2000 ಓಮ್‌ಗಳ ಆಸುಪಾಸಿನಲ್ಲಿರುತ್ತದೆ, ಡೈನಾಮಿಕ್ ಮೈಕ್‌ನದು (ಒಳಗೆ ತಂತಿಸುರುಳಿ ಇರುವ, ಫ್ಯಾಂಟಮ್ ಬೇಡದ ಸಾಮಾನ್ಯ ಮೈಕ್) 300 ಓಮ್‌ಗಳ ಆಸುಪಾಸಿನಲ್ಲಿ. ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ಶೂರ್ ಎಸ್‌ಎಂ58ರ ನಿಜವಾದ ಇಂಪೀಡೆನ್ಸ್ ಇಷ್ಟೇ. ಮೈಕ್ ಒಂದೇ ಇದ್ದಾಗ ಅದು ಹುಟ್ಟಿಸುವ ವೋಲ್ಟೇಜಿನಲ್ಲಿ ಶೇಕಡಾ 87ರಷ್ಟು ಮಿಕ್ಸರ್‌ಗೆ ತಲುಪುತ್ತದೆ. ಪಕ್ಕದಲ್ಲಿ ಇನ್ನೊಂದು 300 ಓಮ್‌ನ ಮೈಕ್ ಕೂಡಿದಾಗ, ಮೊದಲ ಮೈಕ್‌ನ ಕಣ್ಣಿಗೆ ಮಿಕ್ಸರ್‌ನ 2000 ಓಮ್‌ಗಿಂತ ಹತ್ತಿರದಲ್ಲಿರುವ ಈ 300 ಓಮ್‌ನ ದಾರಿಯೇ ಸಲೀಸಾಗಿ ಕಾಣುತ್ತದೆ. ಅದರ ವಿದ್ಯುತ್ತಿನ ಬಹುಪಾಲು ಪಕ್ಕದ ಮೈಕ್‌ನ ಸುರುಳಿಯೊಳಗೆ ಹರಿದುಹೋಗಿ, ಮಿಕ್ಸರ್‌ಗೆ ತಲುಪುವುದು ಶೇಕಡಾ 47 ಮಾತ್ರ. ಎರಡನೆಯ ಮೈಕ್‌ಗೂ ಇದೇ ಗತಿ. ಹೀಗೆ ನಾಲ್ಕು ಮೈಕ್ ಕೂಡಿಸಿದರೆ ಪ್ರತಿಯೊಂದರಿಂದಲೂ ತಲುಪುವುದು ಕಾಲುಭಾಗಕ್ಕಿಂತ ಕಡಿಮೆ, ಅಂದರೆ ಒಂಟಿಯಾಗಿದ್ದಾಗಿನ ಮಟ್ಟಕ್ಕಿಂತ ಸುಮಾರು 11 ಡೆಸಿಬೆಲ್ ಇಳಿಕೆ. ಆ ಇಳಿಕೆಯನ್ನು ತುಂಬಲು ನೀವು ಗೇನ್ ಏರಿಸಿದಾಗ ಮಿಕ್ಸರ್‌ನ ಸ್ವಂತ ಗದ್ದಲವೂ ಜೊತೆಗೆ ಏರುತ್ತದೆ. ನೀವು ಕೇಳಿದ ಸುಂಯ್ ಸದ್ದು ಅದೇ.

ಗುಂಡಿ ಒತ್ತಿದಾಗ ಎರಡೂ ಮೂಕವಾದದ್ದಕ್ಕೂ ಕಾರಣ ಇಲ್ಲಿಯೇ ಇದೆ. ಗುಂಡಿ ಇರುವ ಹಲವು ಡೈನಾಮಿಕ್ ಮೈಕ್‌ಗಳಲ್ಲಿ ಆಫ್ ಎಂದರೆ ತಂತಿ ಕಡಿದುಹೋಗುವುದಲ್ಲ, ಎರಡನೆಯ ಮತ್ತು ಮೂರನೆಯ ಪಿನ್‌ಗಳು ಒಂದಕ್ಕೊಂದು ಕೂಡಿಕೊಳ್ಳುವುದು. ಗುಂಡಿ ಅದುಮಿದಾಗ ಟಪ್ ಎಂದು ಸದ್ದಾಗಬಾರದೆಂದು ಹಾಗೆ ಮಾಡಿರುತ್ತಾರೆ. ನಿಮ್ಮ ಕೇಬಲ್‌ನಲ್ಲಿ ಪಿನ್‌ಗಳೆಲ್ಲ ಒಂದಾಗಿರುವುದರಿಂದ, ಒಂದನ್ನು ಆಫ್ ಮಾಡಿದರೆ ಇನ್ನೊಂದರ ಧ್ವನಿಯೂ ಅಲ್ಲೇ ಮುಚ್ಚಿಹೋಗುತ್ತದೆ.

ಸರಿಯಾದ ದಾರಿ ಏನೆಂದರೆ, ಪ್ರತಿ ಮೈಕ್‌ಗೂ ಅದರದೇ ಆದ ಪ್ರೀಆಂಪ್ ದೊರಕಿ, ಧ್ವನಿ ಬಲಗೊಂಡ ಮೇಲೆ ಅವುಗಳನ್ನು ಕೂಡಿಸುವುದು. ಅದಕ್ಕೆ ನಾಲ್ಕು ಮೈಕ್ ಇನ್‌ಪುಟ್ ಇರುವ ಒಂದು ಚಿಕ್ಕ ಮಿಕ್ಸರ್ ಸಾಕು. ಯಮಹಾ ಎಂಜಿ10, ಬೆಹ್ರಿಂಜರ್ ಜೆನಿಕ್ಸ್ 1202 ಮುಂತಾದವುಗಳಲ್ಲಿ ನಾಲ್ಕು ಮೈಕ್ ಇನ್‌ಪುಟ್‌ಗಳಿವೆ. ಹುಬ್ಬಳ್ಳಿಯಲ್ಲಿ ಬಳಸಿದ ಮಿಕ್ಸರ್‌ಗಳೂ ಮಾರಾಟಕ್ಕೆ ಸಿಗುತ್ತವೆ. ಕೊಳ್ಳುವಾಗ ಪ್ರತಿ ಫೇಡರ್ (ಚಾನೆಲ್‌ನ ಧ್ವನಿಮಟ್ಟ ಹೊಂದಿಸುವ ಹಿಡಿ) ಮತ್ತು ಗೇನ್ ಗುಂಡಿಯನ್ನು ಮೆಲ್ಲಗೆ ಆಡಿಸಿ ಕರಕರ ಎನ್ನುವುದೋ ಎಂದು ಕಿವಿಗೊಟ್ಟು ನೋಡಿ. ಹಿಮ್ಮೇಳದ ಮೈಕ್‌ಗಳನ್ನೆಲ್ಲ ಇದಕ್ಕೆ ಕೊಡಿ. ಇದರ ಎಡಗಡೆಯ ಔಟ್‌ಪುಟ್ ಒಂದನ್ನೇ ತೆಗೆದು ನಿಮ್ಮ ದೊಡ್ಡ ಮಿಕ್ಸರ್‌ನ ಸ್ಟೀರಿಯೊ ಲೈನ್ ಚಾನೆಲ್‌ನ ಎಡ ಜ್ಯಾಕ್‌ಗೆ ಹಾಕಿ. ಮೊಬೈಲ್ ಅನ್ನು ಚಿಕ್ಕ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಸ್ಥಳಾಂತರಿಸಿದರೆ ನಿಮ್ಮ ಆರನೆಯ ಎಕ್ಸ್‌ಎಲ್‌ಆರ್ ಇನ್‌ಪುಟ್ ಕೂಡ ಬಿಡುವಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚಿಕ್ಕ ಮಿಕ್ಸರ್‌ನಿಂದ ಹೊರಬರುವುದು ಲೈನ್ ಮಟ್ಟದ ಧ್ವನಿ. 94 ಡೆಸಿಬೆಲ್‌ನ ಸದ್ದಿಗೆ ಎಸ್‌ಎಂ58 ಕೊಡುವುದು 1.85 ಮಿಲಿವೋಲ್ಟ್. ಮಿಕ್ಸರ್‌ನ ಔಟ್‌ಪುಟ್‌ನಲ್ಲಿ ಸೊನ್ನೆ ಡಿಬಿಯು ಎಂದರೆ 0.775 ವೋಲ್ಟ್, ಅಂದರೆ ನಾನೂರಕ್ಕೂ ಹೆಚ್ಚು ಪಟ್ಟು. ಅದನ್ನು ಮೈಕ್ ಇನ್‌ಪುಟ್‌ಗೆ ಹಾಗೆಯೇ ನುಗ್ಗಿಸಿದರೆ ಧ್ವನಿ ಒಡೆಯುತ್ತದೆ. ಲೈನ್ ಜಾಗ ಇಲ್ಲವೆಂದು ಮೈಕ್ ಇನ್‌ಪುಟ್‌ಗೇ ಕೊಡಬೇಕಾಗಿ ಬಂದರೆ, ನಡುವೆ ಒಂದು ಡಿಐ ಬಾಕ್ಸ್ (ಲೈನ್ ಮಟ್ಟವನ್ನು ಮೈಕ್ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ) ಹಾಕಿ. ಡಿಐ ಇಲ್ಲದೆ ನೇರವಾಗಿ ಕೊಡುವುದಾದರೆ ಆ ಇನ್‌ಪುಟ್‌ನ ಫ್ಯಾಂಟಮ್ ಆಫ್ ಆಗಿರಲೇಬೇಕು. 48 ವೋಲ್ಟ್ ಹಿಮ್ಮುಖವಾಗಿ ಚಿಕ್ಕ ಮಿಕ್ಸರ್‌ನ ಔಟ್‌ಪುಟ್‌ಗೆ ಹೋಗಬಾರದು.

ಗೇನ್ ಇಡುವ ಕ್ರಮ ಹೀಗಿರಲಿ. ಮೊದಲು ದೊಡ್ಡ ಮಿಕ್ಸರ್‌ನ ಫೇಡರ್ ಕೆಳಗಿರಲಿ. ಹಿಮ್ಮೇಳದವರಿಂದ ಅತ್ಯಂತ ಜೋರಾದ ಪದವನ್ನೇ ಹಾಡಿಸಿ, ಚಿಕ್ಕ ಮಿಕ್ಸರ್‌ನ ಪ್ರತಿ ಚಾನೆಲ್‌ನ ಗೇನ್ ಅನ್ನು ಪೀಕ್ ದೀಪ ಆಗೊಮ್ಮೆ ಈಗೊಮ್ಮೆ ಮಿನುಗುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ಚಾನೆಲ್ ಮತ್ತು ಮಾಸ್ಟರ್ ಎರಡೂ ಸೊನ್ನೆಯ ಗುರುತಿನಲ್ಲಿರಲಿ. ಲೋ ಕಟ್ ಗುಂಡಿ ಇದ್ದರೆ ಒತ್ತಿಡಿ. ಹಿಮ್ಮೇಳಕ್ಕೆ 80 ಹರ್ಟ್ಜ್‌ಗಿಂತ ಕೆಳಗಿನದು ಬೇಕಿಲ್ಲ, ಅಲ್ಲಿ ಬರುವುದು ವೇದಿಕೆಯ ಹಲಗೆಯ ಸದ್ದು ಮಾತ್ರ. ಇಷ್ಟಾದ ಮೇಲೆ ದೊಡ್ಡ ಮಿಕ್ಸರ್‌ನಲ್ಲಿ ಬೇಕಾದಷ್ಟು ಏರಿಸಿ.

ಎರಡೂ ಮಿಕ್ಸರ್‌ಗಳಿಗೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಡಿ. ಬೇರೆ ಬೇರೆ ಕಡೆಯಿಂದ ಕೊಟ್ಟರೆ ಹೂಂ ಎಂಬ ನಾದ ಸೇರಿಕೊಳ್ಳುವ ಸಂಭವವಿದೆ. ಆ ನಾದ ಬಂತೆಂದು ಪ್ಲಗ್‌ನ ಅರ್ಥ್ ಪಿನ್ ಅನ್ನು ಕತ್ತರಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮೈಕ್‌ಗೆ ತುಟಿ ತಾಗಿಸಿ ಹಾಡುವವರ ಜೀವದ ಪ್ರಶ್ನೆ ಅದು.

ಉತ್ತರ 2: ಓದುಗ, ಹಾನಗಲ್ಲ

ನಾವು ಹಳೆಯ ಆಂಪ್ಲಿಫೈಯರ್‌ನಲ್ಲಿ ಎರಡು ಮೈಕ್‌ಗಳನ್ನು ಒಂದೇ ಜ್ಯಾಕ್‌ಗೆ ಕೂಡಿಸಿ ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಇದುವರೆಗೆ ಮೈಕ್ ಸುಟ್ಟಿಲ್ಲ, ಆಂಪ್ಲಿಫೈಯರ್ ಕೆಟ್ಟಿಲ್ಲ. ಇಷ್ಟು ಹೆದರುವ ಅಗತ್ಯವಿದೆಯೇ?

ಉತ್ತರ 1ರವರಿಂದ ಮರುಮಾತು

ಸುಡುತ್ತದೆ ಎಂದು ನಾನು ಹೇಳಿಲ್ಲ, ಸರ್. ಡೈನಾಮಿಕ್ ಮೈಕ್‌ಗಳಿಗೆ ಇದರಿಂದ ಹಾನಿಯಿಲ್ಲ ಎಂಬುದು ನಿಜ. ಒಂದೇ ಮಾದರಿಯ ಎರಡು ಮೈಕ್‌ಗಳಿದ್ದು, ಇಬ್ಬರೂ ಬಾಯಿಗೆ ಹತ್ತಿರ ಹಿಡಿದು ಮಾತನಾಡಿದರೆ ಕೆಲಸವೂ ನಡೆಯುತ್ತದೆ. ಆದರೆ ಹಿಮ್ಮೇಳದ ಮೈಕ್ ಬಾಯಿಂದ ದೂರವಿರುತ್ತದೆ, ಮೊದಲೇ ಕ್ಷೀಣವಾದ ಧ್ವನಿ ಅದು. ಅದರಲ್ಲಿ ಅರ್ಧವನ್ನು ಕಳೆದುಕೊಂಡರೆ ಉಳಿಯುವುದೇನು ಎಂಬುದಷ್ಟೇ ನನ್ನ ಮಾತು. ಮೇಲಾಗಿ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ಬೇರೆ ಬೇರೆಯಾಗಿ ಹೊಂದಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಉತ್ತರ 3: ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಧಾರವಾಡ

ಮೊದಲ ಉತ್ತರದ ಲೆಕ್ಕ ಸರಿಯಾಗಿದೆ. ಕಂಡೆನ್ಸರ್ ಮೈಕ್‌ಗಳ ವಿಷಯವನ್ನು ಅಲ್ಲಿ ಯಾರೂ ಮುಟ್ಟಿಲ್ಲವಾದ್ದರಿಂದ ಅದನ್ನು ಬರೆಯುತ್ತೇನೆ, ಜೊತೆಗೆ ರೆಸಿಸ್ಟರ್‌ಗಳಿಂದ ಕೂಡಿಸುವ ವಿಧಾನದ ಬಗ್ಗೆಯೂ ಎರಡು ಮಾತು.

ಫ್ಯಾಂಟಮ್ ವಿದ್ಯುತ್ ಮಿಕ್ಸರ್‌ನಿಂದ ಎರಡನೆಯ ಮತ್ತು ಮೂರನೆಯ ಪಿನ್‌ಗಳ ಮೂಲಕ, ಪ್ರತಿ ಪಿನ್‌ಗೂ ಒಂದೊಂದು 6800 ಓಮ್‌ನ ರೆಸಿಸ್ಟರ್ ದಾಟಿ ಮೈಕ್‌ಗೆ ಬರುತ್ತದೆ. ಎರಡೂ ಸಮಾಂತರವಾಗಿರುವುದರಿಂದ ಒಟ್ಟು 3400 ಓಮ್ ಎಂದು ಲೆಕ್ಕ ಹಿಡಿಯಬಹುದು. ಒಂದು ಕಂಡೆನ್ಸರ್ ಮೈಕ್ 4 ಮಿಲಿ ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಆಗ ಈ ರೆಸಿಸ್ಟರ್‌ಗಳಲ್ಲಿ ಸುಮಾರು 14 ವೋಲ್ಟ್ ಕಳೆದು, 48ರಲ್ಲಿ 34 ವೋಲ್ಟ್ ಮೈಕ್‌ಗೆ ಉಳಿಯುತ್ತದೆ. ಅಂಥ ಎರಡು ಮೈಕ್‌ಗಳನ್ನು ಒಂದೇ ಇನ್‌ಪುಟ್‌ಗೆ ಕೂಡಿಸಿದರೆ ಒಟ್ಟು 8 ಮಿಲಿ ಆಂಪಿಯರ್ ಹರಿದು, 27 ವೋಲ್ಟ್ ಕಳೆದು, ಎರಡಕ್ಕೂ ಉಳಿಯುವುದು 21 ವೋಲ್ಟ್ ಮಾತ್ರ. ಕೆಲವು ಮೈಕ್‌ಗಳು ಇಷ್ಟರಲ್ಲಿಯೂ ಕೆಲಸ ಮಾಡುತ್ತವೆ. ಪೂರ್ಣ 48 ವೋಲ್ಟ್ ಫ್ಯಾಂಟಮ್‌ಗಾಗಿಯೇ ರೂಪಿಸಿದ ಮೈಕ್‌ಗಳಲ್ಲಿ ಮಾತ್ರ, ಧ್ವನಿ ಏರಿದಾಗ ಒಳಗಿನ ಪುಟ್ಟ ಆಂಪ್ಲಿಫೈಯರ್‌ಗೆ ಎದ್ದು ನಿಲ್ಲಲು ಜಾಗ ಸಾಲದೆ, ಅಲೆಯ ತುದಿ ಕತ್ತರಿಸಿಹೋಗುತ್ತದೆ. ಗುರುಗಳು ಕೇಳಿದ ಒಡಕು ಧ್ವನಿಗೆ ಇದೇ ಕಾರಣವಿರಬೇಕು, ಏಕೆಂದರೆ ಅದು ಏರುಧ್ವನಿಯಲ್ಲಿ ಮಾತ್ರ ಕಾಣಿಸಿಕೊಂಡಿದೆ.

ಇನ್ನು ರೆಸಿಸ್ಟರ್‌ಗಳ ಮಾತು. ಪ್ರತಿ ಮೈಕ್‌ನ ಎರಡನೆಯ ಮತ್ತು ಮೂರನೆಯ ತಂತಿಗಳಲ್ಲಿ ಒಂದೊಂದು 470 ಓಮ್ ರೆಸಿಸ್ಟರ್ ಹಾಕಿ ಆಮೇಲೆ ಕೂಡಿಸುವ ಚಿಕ್ಕ ಪೆಟ್ಟಿಗೆಗಳನ್ನು ಕೆಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಇದರಿಂದ ಎರಡು ಲಾಭಗಳಿವೆ. ಪ್ರತಿ ಮೈಕ್‌ಗೂ ಸುಮಾರು 1700 ಓಮ್‌ನಷ್ಟು ಭಾರ ಕಾಣುವುದರಿಂದ ಅದರ ಸ್ವಭಾವದ ಧ್ವನಿ ಕೆಡುವುದಿಲ್ಲ. ಒಂದರ ಗುಂಡಿಯನ್ನು ಆಫ್ ಮಾಡಿದರೂ ಇನ್ನೊಂದು ಸಾಯುವುದಿಲ್ಲ. ನಾನು ಲೆಕ್ಕ ಹಾಕಿದಂತೆ ಅದರ ಮಟ್ಟ ಶೇಕಡಾ 38ರಿಂದ 34ಕ್ಕೆ ಇಳಿಯುತ್ತದೆ, ಕಿವಿಗೆ ಅಷ್ಟಾಗಿ ತಿಳಿಯುವುದೂ ಇಲ್ಲ. ಆದರೆ ಆ 38 ಎಂಬ ಅಂಕಿಯನ್ನು ಗಮನಿಸಿ. ನೇರವಾಗಿ ಕೂಡಿಸಿದಾಗ ಇದ್ದ 47ಕ್ಕಿಂತಲೂ ಅದು ಕಡಿಮೆ. ಅಂದರೆ ರೆಸಿಸ್ಟರ್ ಪೆಟ್ಟಿಗೆ ಮೈಕ್‌ಗಳ ಜಗಳವನ್ನು ಬಿಡಿಸುತ್ತದೆ, ಕಳೆದುಹೋದ ಧ್ವನಿಯನ್ನು ಮರಳಿ ತರುವುದಿಲ್ಲ. ಎರಡು ತಂತಿಗಳ ರೆಸಿಸ್ಟರ್‌ಗಳು ಸರಿಸಮನಾಗಿರಬೇಕು, ಕನಿಷ್ಠ ಶೇಕಡಾ 1ರ ನಿಖರತೆಯವನ್ನೇ ಆರಿಸಬೇಕು. ಇಲ್ಲವಾದರೆ ಬ್ಯಾಲೆನ್ಸ್ (ಎರಡು ತಂತಿಗಳ ಸಮತೋಲ) ತಪ್ಪಿ, ಉದ್ದನೆಯ ಕೇಬಲ್‌ನಲ್ಲಿ ವಿದ್ಯುತ್ ತಂತಿಗಳ ಗುಂಯ್ ನಾದ ಒಳನುಗ್ಗುತ್ತದೆ. ಫ್ಯಾಂಟಮ್ ಹಂಚಿಕೆಯ ತೊಂದರೆಯೂ ಹಾಗೆಯೇ ಉಳಿಯುತ್ತದೆ.

ಇಬ್ಬರು ನಿರೂಪಕರು ಒಬ್ಬರಾದ ಮೇಲೆ ಒಬ್ಬರು ಬಾಯಿಗೆ ಹತ್ತಿರದ ಮೈಕ್‌ನಲ್ಲಿ ಮಾತನಾಡುವ ಸಭೆಗೆ ಈ ಪೆಟ್ಟಿಗೆ ಸಾಕು. ದೂರದ ಹಿರಿಯರ ದನಿಯನ್ನು ಹಿಡಿಯಲು ನಾನು ಇದನ್ನು ಹೇಳಲಾರೆ. ಚಿಕ್ಕ ಮಿಕ್ಸರ್‌ನ ಸಲಹೆಯೇ ಉತ್ತಮ.

ಉತ್ತರ 4: ರಂಗದ ಧ್ವನಿ ನಿರ್ವಾಹಕ, ಹಾವೇರಿ

ಗುರುಗಳಿಗೆ ಶರಣು. ಕೇಬಲ್ ಮತ್ತು ಓಮ್‌ಗಳ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕೂಡಿಸುವುದು ಹೇಗೆ ಎಂಬುದಕ್ಕಿಂತ ಮೊದಲು, ಇಷ್ಟು ಮೈಕ್ ಬೇಕೇ ಎಂಬುದನ್ನು ನೋಡಬೇಕೆಂದು ನನಗನ್ನಿಸುತ್ತದೆ. ನಾನು ಸಣ್ಣಾಟ ಮತ್ತು ಕಂಪನಿ ಶೈಲಿಯ ನಾಟಕಗಳಿಗೆ ಧ್ವನಿ ನೋಡಿಕೊಳ್ಳುತ್ತಾ ಬಂದವನು. ಈ ಕೆಲಸವನ್ನು ನನಗೆ ಕಲಿಸಿದ ನಮ್ಮ ತಂದೆಯವರು ರಂಗದ ಮೇಲಿನಿಂದ ಎರಡೇ ಮೈಕ್‌ಗಳನ್ನು ತಂತಿಯಲ್ಲಿ ತೂಗುಬಿಡುತ್ತಿದ್ದರು. ಪಾತ್ರಧಾರಿಗಳು ತಮ್ಮ ಮುಖ್ಯ ಮಾತು ಬಂದಾಗ ಆ ಮೈಕ್‌ನ ಕೆಳಗೆ ಬಂದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಿದ್ದರು. ಮೈಕ್ ಹೆಚ್ಚಿಸದೆ, ಮನುಷ್ಯರನ್ನು ಮೈಕ್‌ನ ಹತ್ತಿರ ತರುವ ವಿದ್ಯೆ ಅದು.

ತೆರೆದಿಟ್ಟ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕೂಗು ಬರುವ ಮುನ್ನ ಏರಿಸಬಹುದಾದ ಧ್ವನಿ 3 ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ. ಒಂದರ ಬದಲು ನಾಲ್ಕು ತೆರೆದರೆ 6 ಡೆಸಿಬೆಲ್, ಎಂಟು ತೆರೆದರೆ 9 ಡೆಸಿಬೆಲ್ ನಷ್ಟ. ನೀವು ಎಷ್ಟೇ ಒಳ್ಳೆಯ ಮಿಕ್ಸರ್‌ನಲ್ಲಿ ಕೂಡಿಸಿದರೂ ಈ ನಷ್ಟ ತಪ್ಪುವುದಿಲ್ಲ, ಏಕೆಂದರೆ ಪ್ರತಿ ಮೈಕ್ ಕೂಡ ಸ್ಪೀಕರ್‌ನ ಧ್ವನಿಯನ್ನು ಮರಳಿ ಕುಡಿಯುತ್ತಿರುತ್ತದೆ. ಇದಕ್ಕೆ ಎದುರಾಗಿ, ಹಾಡುವವರ ಬಾಯಿ ಮತ್ತು ಮೈಕ್‌ನ ನಡುವಿನ ಅಂತರವನ್ನು 1 ಮೀಟರ್‌ನಿಂದ ಅರ್ಧ ಮೀಟರ್‌ಗೆ ತಂದರೆ 6 ಡೆಸಿಬೆಲ್ ಲಾಭ ಬರುತ್ತದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮೈಕ್‌ಗಳು ಒಂದಕ್ಕೊಂದು ತೀರ ಹತ್ತಿರವಿದ್ದರೆ ಇನ್ನೊಂದು ತೊಂದರೆ ಉಂಟಾಗುತ್ತದೆ. ಒಬ್ಬನೇ ಹಾಡುಗಾರನ ಧ್ವನಿ ಎರಡೂ ಮೈಕ್‌ಗಳಿಗೆ ಬೇರೆ ಬೇರೆ ಕ್ಷಣದಲ್ಲಿ ತಲುಪುತ್ತದೆ. ಎರಡರ ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಒಂದು ಮಿಲಿಸೆಕೆಂಡ್ ತಡ. ಅವೆರಡೂ ಒಂದೇ ಚಾನೆಲ್‌ನಲ್ಲಿ ಕೂಡಿದಾಗ 500 ಹರ್ಟ್ಜ್‌ನಲ್ಲಿ, ಆಮೇಲೆ 1500ರಲ್ಲಿ, 2500ರಲ್ಲಿ, ಒಂದರ ಏರು ಇನ್ನೊಂದರ ಇಳಿವಿಗೆ ಸರಿಯಾಗಿ ಬಿದ್ದು ಎರಡೂ ಅಳಿಸಿಹೋಗುತ್ತವೆ. ಮನುಷ್ಯನ ಧ್ವನಿಯ ಸತ್ವವೆಲ್ಲ ಇರುವುದು ಇಲ್ಲಿಯೇ. ಹಾಡು ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ, ಹಾಡುಗಾರ ತಲೆ ಅಲ್ಲಾಡಿಸಿದರೆ ಆ ಕೊಳವೆಯೂ ಅಲ್ಲಾಡುತ್ತದೆ. ಇದನ್ನು ತಪ್ಪಿಸಲು ಬಾಯಿಂದ ಮೈಕ್‌ಗೆ ಇರುವ ಅಂತರದ ಕನಿಷ್ಠ ಮೂರು ಪಟ್ಟು ಅಂತರವನ್ನು ಎರಡು ಮೈಕ್‌ಗಳ ನಡುವೆ ಇಡಬೇಕು. ಬಾಯಿ 60 ಸೆಂಟಿಮೀಟರ್ ದೂರವಿದ್ದರೆ ಮೈಕ್‌ಗಳ ನಡುವೆ 180 ಸೆಂಟಿಮೀಟರ್. ಇದು ಚಿಕ್ಕ ವೇದಿಕೆಯಲ್ಲಿ ಕಷ್ಟವೆನಿಸಬಹುದು, ಆದರೆ ಹನ್ನೆರಡು ಮಂದಿಗೆ ನಾಲ್ಕು ಮೈಕ್ ಇಡುವುದು ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ.

ನನ್ನ ಸಲಹೆ ಇಷ್ಟು. ಹಿಮ್ಮೇಳದವರನ್ನು ಎರಡು ಸಾಲಾಗಿ ಕೂರಿಸಬೇಡಿ. ಆರಾರು ಮಂದಿಯ ಎರಡು ಅರ್ಧಚಂದ್ರಗಳಾಗಿ, ಪ್ರತಿ ಗುಂಪಿನ ನಡುವೆ ಒಂದು ಮೈಕ್ ಬರುವಂತೆ ಕೂರಿಸಿ. ಹಿರಿಯರು ಮೈಕ್‌ನ ನೇರಕ್ಕೆ ಹತ್ತಿರವಾಗಿ, ಏರುಕಂಠದ ಹುಡುಗರು ಅಂಚಿನಲ್ಲಿ ಕೂರಲಿ. ತಬಲಾ ಮತ್ತು ಡಗ್ಗಾದ ನಡುವೆ, ಎರಡಕ್ಕಿಂತ ಒಂದು ಗೇಣು ಮೇಲೆ, ತಬಲಾದ ಕಡೆಗೆ ತುಸು ವಾಲಿಸಿ ಒಂದೇ ಮೈಕ್ ಇಡಿ. ಡಗ್ಗಾದ ಗುಮಕಿಗೆ ಅದೇ ಸಾಕಾಗುತ್ತದೆ. ಹಾಗೆ ಮಾಡಿದರೆ ನಿಮ್ಮ ಆರು ಇನ್‌ಪುಟ್‌ಗಳಲ್ಲಿಯೇ ಹಿಮ್ಮೇಳಕ್ಕೆ ಎರಡು ದೊರಕುತ್ತವೆ, ಯಾವುದನ್ನೂ ಯಾವುದಕ್ಕೂ ಕೂಡಿಸುವ ಪ್ರಶ್ನೆಯೇ ಬರುವುದಿಲ್ಲ. ಭಜನೆಯ ಹೊತ್ತಿಗೆ ಪ್ರವಚನ ಮುಗಿದಿರುತ್ತದೆ ಎಂದಾದರೆ ಆ ಮೈಕ್ ಕೂಡ ಹಿಮ್ಮೇಳಕ್ಕೇ ಸಿಗುತ್ತದಲ್ಲವೇ?

ಕೊನೆಯದಾಗಿ, ತಾನಾಗಿಯೇ ಮೈಕ್‌ಗಳನ್ನು ಏರಿಸಿ ಇಳಿಸುವ ಆಟೊಮಿಕ್ಸರ್ ಬಗ್ಗೆ ಯಾರಾದರೂ ಹೇಳಬಹುದು. ಅಮೆರಿಕದ ಡ್ಯಾನ್ ಡೂಗನ್ 1970ರ ದಶಕದಲ್ಲಿ ರೂಪಿಸಿದ ಈ ವಿಧಾನ ಇಂದು ಬೆಹ್ರಿಂಜರ್ ಎಕ್ಸ್‌ಆರ್18, ಯಮಹಾ ಕ್ಯೂಎಲ್ ಮುಂತಾದ ಡಿಜಿಟಲ್ ಮಿಕ್ಸರ್‌ಗಳಲ್ಲಿ ಒಳಗೊಂಡೇ ಬರುತ್ತದೆ. ಕವಿಗೋಷ್ಠಿ, ವಿಚಾರ ಸಂಕಿರಣಗಳಲ್ಲಿ ಒಬ್ಬರು ಮಾತನಾಡುವಾಗ ಉಳಿದವರ ಮೈಕ್‌ಗಳನ್ನು ತಗ್ಗಿಸಿಟ್ಟು ಅದು ಬಹಳ ಉಪಕಾರ ಮಾಡುತ್ತದೆ. ಎಲ್ಲರೂ ಒಟ್ಟಿಗೆ ದನಿಗೂಡಿಸುವ ಭಜನೆಯಲ್ಲಿ ಅದರಿಂದ ಲಾಭವಿಲ್ಲ.

ಉತ್ತರ 5: ಓದುಗ, ರಾಣೆಬೆನ್ನೂರು

ಒಂದು ಚಿಕ್ಕ ಸೇರ್ಪಡೆ. ಎರಡು ಕೈಮೈಕ್‌ಗಳಿರುವ ವೈರ್‌ಲೆಸ್ ಸೆಟ್ ಯಾರ ಬಳಿಯಾದರೂ ಇದ್ದರೆ, ಅದರ ರಿಸೀವರ್‌ನ ಹಿಂಬದಿಯನ್ನು ನೋಡಿ. ಹಲವು ಸೆಟ್‌ಗಳಲ್ಲಿ ಎರಡೂ ಮೈಕ್‌ಗಳನ್ನು ಕೂಡಿಸಿ ಕೊಡುವ ಮಿಕ್ಸ್ ಔಟ್ ಎಂಬ ಜ್ಯಾಕ್ ಇರುತ್ತದೆ. ಅಲ್ಲಿ ಧ್ವನಿ ಬಲಗೊಂಡ ನಂತರವೇ ಕೂಡುವುದರಿಂದ ಮೇಲೆ ಹೇಳಿದ ಯಾವ ದೋಷವೂ ಇರುವುದಿಲ್ಲ, ಮುಂಭಾಗದ ಗುಂಡಿಗಳಿಂದ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಮಠದ ಪ್ರವಚನಕಾರರಿಗೂ ಮುಖ್ಯ ಹಾಡುಗಾರರಿಗೂ ಅಂಥ ಒಂದು ಸೆಟ್ ಇದ್ದರೆ ಇಬ್ಬರೂ ಒಂದೇ ಇನ್‌ಪುಟ್‌ನಲ್ಲಿ ಮುಗಿಯುತ್ತಾರೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಧಾರವಾಡದ ಅಕ್ಕನವರು ಊಹಿಸಿದ್ದು ಸರಿ. ನಾವು ತಂದಿದ್ದ ಒಂದು ಕಂಡೆನ್ಸರ್ ಮೈಕ್‌ನ ಪೆಟ್ಟಿಗೆಯ ಮೇಲೆ 48 ವೋಲ್ಟ್ ಬೇಕೆಂದೇ ಮುದ್ರಿಸಿದೆ. ಅವೆರಡನ್ನೂ ಬೇರೆ ಬೇರೆ ಇನ್‌ಪುಟ್‌ಗೆ ಹಾಕಿ ನೋಡಿದಾಗ ಒಡಕು ಕಾಣಿಸಲಿಲ್ಲ. ಅವನ್ನು ಒಡೆಯರಿಗೆ ಮರಳಿಸಿದ್ದೇನೆ.

ಹಾವೇರಿಯ ಅಣ್ಣನವರು ಕೇಳಿದಂತೆ ಪ್ರವಚನದ ಮೈಕ್ ಅನ್ನು ತೆಗೆಯಲು ಆಗುವುದಿಲ್ಲ. ನಮ್ಮಲ್ಲಿ ಪ್ರವಚನದ ನಡುನಡುವೆಯೇ ಹಾಡು ಬರುತ್ತದೆ, ಭಜನೆಯ ನಡುವೆ ಸ್ವಾಮಿಗಳು ಎರಡು ಮಾತು ಹೇಳುತ್ತಾರೆ. ಆದರೆ ತಬಲಾದ ಸಲಹೆಯನ್ನು ಕಳೆದ ಸೋಮವಾರ ಪ್ರಯತ್ನಿಸಿದೆ. ತಬಲಾ ನುಡಿಸುವವರು ಮೊದಲು ಒಪ್ಪಲಿಲ್ಲ, ಡಗ್ಗಾ ಕೇಳಿಸುವುದಿಲ್ಲ ಎಂದರು. ಅವರನ್ನೇ ಅಂಗಳದಲ್ಲಿ ನಿಲ್ಲಿಸಿ, ಅವರ ಶಿಷ್ಯನಿಂದ ನುಡಿಸಿ ಕೇಳಿಸಿದ ಮೇಲೆ ಒಪ್ಪಿದರು. ಮೈಕ್ ಅನ್ನು ಡಗ್ಗಾದ ಕಡೆಗೆ ಎರಡು ಬೆರಳಿನಷ್ಟು ಸರಿಸಬೇಕಾಯಿತು, ಅಷ್ಟೇ.

ಹಿಮ್ಮೇಳವನ್ನು ಎರಡು ಅರ್ಧಚಂದ್ರಗಳಾಗಿ ಕೂರಿಸುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಯಾರು ಎಲ್ಲಿ ಕೂರುತ್ತಾರೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಹಿರಿಯರು ಮುಂದೆ ಬರಲು ಸಂಕೋಚಪಟ್ಟರು. ಕೊನೆಗೆ ಸ್ವಾಮಿಗಳೇ ಹೇಳಿದ ಮೇಲೆ ಬಂದು ಕೂತರು. ಎರಡು ಮೈಕ್‌ಗಳ ನಡುವೆ ಸುಮಾರು ಆರು ಅಡಿ ಅಂತರ ಬಿಟ್ಟೆ. ಎರಡೂ ಬೇರೆ ಬೇರೆ ಇನ್‌ಪುಟ್‌ನಲ್ಲಿದ್ದವು, ಗೇನ್ ಮೊದಲಿಗಿಂತ ಕಡಿಮೆಯೇ ಇತ್ತು, ಒಮ್ಮೆಯೂ ಮೈಕ್ ಕೂಗಲಿಲ್ಲ. ಎಂಬತ್ತು ದಾಟಿದ ಒಬ್ಬ ಹಿರಿಯರು ಹಾಡಿದ ಪದದ ಮೂರನೆಯ ನುಡಿ ಅಗಸಿಯ ಕಟ್ಟೆಯ ಮೇಲೆ ಕೂತವರಿಗೂ ಅಕ್ಷರ ಅಕ್ಷರವಾಗಿ ಕೇಳಿಸಿತೆಂದು ಮರುದಿನ ಹೇಳಿದರು. ಆ ನುಡಿಯನ್ನು ನಾನೂ ಪೂರ್ತಿಯಾಗಿ ಕೇಳಿದ್ದು ಇದೇ ಮೊದಲು.

ಆದರೂ ಹುಬ್ಬಳ್ಳಿಯ ಅಣ್ಣನವರಿಗೆ ಒಂದು ಪ್ರಶ್ನೆ ಉಳಿದಿದೆ. ಜಾತ್ರೆಯ ದಿನ ಪಕ್ಕದೂರಿನ ಮೇಳವೂ ಸೇರುವುದರಿಂದ ಆರು ಇನ್‌ಪುಟ್ ಸಾಲುವುದಿಲ್ಲ, ಅಂದಿಗೆ ಚಿಕ್ಕ ಮಿಕ್ಸರ್ ತರಲೇಬೇಕು. ಅದನ್ನು ವೇದಿಕೆಯ ಮೇಲೆ ಇಡುವುದೋ, ಅಥವಾ ಅಂಗಳದಲ್ಲಿ ದೊಡ್ಡ ಮಿಕ್ಸರ್‌ನ ಪಕ್ಕದಲ್ಲಿಯೋ?

ಉತ್ತರ 1ರವರಿಂದ

ನಿಮ್ಮ ಪಕ್ಕದಲ್ಲೇ ಇರಲಿ, ಗುರುಗಳೇ. ವೇದಿಕೆಯ ಮೇಲಿದ್ದರೆ ಕೇಬಲ್ ಕಡಿಮೆ ಹಿಡಿಯುತ್ತದೆ ನಿಜ, ಆದರೆ ಯಾರ ದನಿ ತಗ್ಗಿತೆಂದು ಅಂಗಳದಲ್ಲಿ ಕೂತ ನಿಮಗೆ ತಿಳಿದಾಗ ಕೈಗೆಟುಕುವ ದೂರದಲ್ಲಿ ಆ ಫೇಡರ್ ಇರಬೇಕು. ಬ್ಯಾಲೆನ್ಸ್ಡ್ ಮೈಕ್ ಕೇಬಲ್‌ಗಳು ವೇದಿಕೆಯಿಂದ ನಿಮ್ಮವರೆಗೆ 30 ಮೀಟರ್ ಬಂದರೂ ತೊಂದರೆಯಿಲ್ಲ. ಎರಡು ಮಿಕ್ಸರ್‌ಗಳ ನಡುವಿನ ಕೇಬಲ್ ಮಾತ್ರ ಗಿಡ್ಡವಾಗಿರಲಿ. ಜಾತ್ರೆಯ ಹಿಂದಿನ ದಿನವೇ ಜೋಡಿಸಿ, ಒಂದೊಂದೇ ಮೈಕ್ ತೆರೆದು ಕೇಳಿ, ಚಾನೆಲ್‌ಗಳ ಮೇಲೆ ಟೇಪ್ ಅಂಟಿಸಿ ಹೆಸರು ಬರೆದಿಡಿ. ಹಳೆಯ ವೈ ಕೇಬಲ್ ಅನ್ನು ಎಸೆಯಬೇಡಿ. ಪ್ರವಚನವನ್ನು ಬೇರೆ ರೆಕಾರ್ಡರ್‌ಗೆ ಕೊಡಬೇಕಾದಾಗ, ತುದಿಗಳ ಗಂಡು-ಹೆಣ್ಣು ಕನೆಕ್ಟರ್‌ಗಳನ್ನು ಅದಲುಬದಲು ಮಾಡಿಸಿದರೆ, ಒಂದು ಮೈಕ್ ಅನ್ನು ಎರಡು ಕಡೆಗೆ ಹಂಚಲು ಅದು ಉಪಯೋಗಕ್ಕೆ ಬರುತ್ತದೆ.